ಹಾಸಿಗೆ ಹಿಡಿದವರ ಆರೈಕೆ ಮನೆಯಲ್ಲೇ ಆದೀತೇ?

ಪ್ರಶ್ನೆ: ಲಕ್ವ ಹೊಡೆದು ಅತ್ತೆ ಹಾಸಿಗೆ ಹಿಡಿದಿದ್ದಾರೆ. ವೃದ್ಧಾಶ್ರಮಕ್ಕೆ ಸೇರಿಸಲು ಮನಸ್ಸಿಲ್ಲ. ಸೊಂಟದ ಹಿಂಭಾಗ ಕೆಂಪಾಗಿದೆ, ಏನು ಮಾಡಲಿ?

ಉತ್ತರ: ಮನೆಯಲ್ಲೇ ನೋಡಿಕೊಳ್ಳಬಹುದು, ಆದರೆ ನೀವೊಬ್ಬರೇ ಹೊರಬೇಡಿ, ರಾತ್ರಿ ಸರದಿಗೆ ಇನ್ನೊಬ್ಬರು ಬೇಕೇ ಬೇಕು. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ನೋಡಿ. ಒತ್ತಿದಾಗ ಕೆಂಪು ಬಿಳಿಚದಿದ್ದರೆ ಅದು ಒತ್ತಡದ ಹುಣ್ಣಿನ, ಅಂದರೆ ಒಂದೇ ಜಾಗದ ಮೇಲೆ ಮೈಭಾರ ಬಿದ್ದು ಆಗುವ ಹುಣ್ಣಿನ, ಮೊದಲ ಹಂತ. (ಕಪ್ಪು ಚರ್ಮದಲ್ಲಿ ಬಿಸಿ, ಗಡಸುತನವಷ್ಟೇ ತಿಳಿಯಬಹುದು.) ತಿಕ್ಕಬೇಡಿ, ಒಳಗಿನ ಅಂಗಾಂಶ ಇನ್ನಷ್ಟು ಹಾಳಾಗುತ್ತದೆ. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆಯಾಗಿಸಿದರೆ ಸಾಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದಲ್ಲಿ ತೊಡೆಮೂಳೆ ಉಬ್ಬಿರುವ ಜಾಗದ ಮೇಲೆ ಬೀಳುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಮೇಲಕ್ಕೆ ಸರಿಸುವಾಗ ಎಳೆಯದೆ, ಅಡಿಯ ಬಟ್ಟೆ ಹಿಡಿದು ಇಬ್ಬರು ಎತ್ತಿ. ಚರ್ಮ ಒಡೆದರೆ ಅಂದೇ ನರ್ಸ್‌ಗೆ ತೋರಿಸಿ.