ಹೊಂಚು ಹಾಕಿದವರು ನನ್ನ ಸರದಿ ಬರುವ ಮೊದಲೇ ಎರಡು ಸಲ ಹೊಡೆಯಬಹುದಾ?

ನೀವು ಕೇಳಿದ್ದು ಇಷ್ಟು. ಹಾಸನದಲ್ಲಿ ಗೆಳೆಯರ ಜೊತೆ ಡಂಜನ್ಸ್ ಆಂಡ್ ಡ್ರಾಗನ್ಸ್ 3.5 (ಪಾತ್ರ ವಹಿಸಿ, ದಾಳ ಹಾಕಿ ಆಡುವ ಕಥೆಯಾಟದ 3.5 ಆವೃತ್ತಿ) ಆಡುತ್ತೀರಿ. ನಿಮ್ಮದು ಮೂರನೇ ಲೆವೆಲ್ ರೋಗ್, ಅಂದರೆ ಕಳ್ಳಹೆಜ್ಜೆಯ ಚುರುಕು ಪಾತ್ರ. ಕೋಟೆಯಲ್ಲಿ ಅಡಗಿದ್ದ ಡಕಾಯಿತರು ಮೊದಲು ಬಾಣ ಬಿಟ್ಟರು. ಇನಿಶಿಯೇಟಿವ್ (ಸರದಿಯ ಕ್ರಮ ತೀರ್ಮಾನಿಸುವ ದಾಳ) ಹಾಕಿದ ಮೇಲೂ ಅವರಲ್ಲೊಬ್ಬ ನಿಮಗಿಂತ ಮುಂದೆ ಬಂದು ಮತ್ತೆ ಹೊಡೆದ. ಎರಡು ಸಲವೂ ಡಿಎಂ (ಆಟ ನಡೆಸುವವರು) ನಿಮ್ಮ ಎಸಿಯಿಂದ (ಏಟು ತಾಗಲು ಎದುರಾಳಿ ಮುಟ್ಟಬೇಕಾದ ಅಂಕಿ) ಡೆಕ್ಸ್ ಬೋನಸ್ (ಮೈಚುರುಕಿಗೆ ಸಿಗುವ ಅಂಕ) ಕಳೆದರು. ಜೊತೆಗಿದ್ದ ಪೂಜಾರಿ ಪಾತ್ರ ಕ್ಲೆರಿಕ್‌ಗೆ ಮಾತ್ರ ಮೊದಲೇ ಆಡಲು ಬಿಟ್ಟರು. ಇದು ಮೋಸ ಅಲ್ವಾ ಅನ್ನೋದು ನಿಮ್ಮ ಪ್ರಶ್ನೆ.

ಮೋಸ ಅಲ್ಲ. ನೀವು ಬರೆದಷ್ಟನ್ನು ನೋಡಿದರೆ ನಿಮ್ಮ ಡಿಎಂ ನಿಯಮದ ಪ್ರಕಾರವೇ ನಡೆದಿದ್ದಾರೆ. ನಾನೂ ಹಾಸನದವನೇ, ನಮ್ಮ ಗುಂಪಿಗೆ ನಾನೇ ಡಿಎಂ. ಹೊಸದಾಗಿ ಬಂದ ಬಹುತೇಕ ಎಲ್ಲರೂ ಈ ಜಾಗದಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ. ಕಾರಣ ಒಂದೇ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಅವು ಒಂದೇ ಅಂತ ಅಂದುಕೊಂಡುಬಿಡುತ್ತೇವೆ.

ಮೊದಲನೆಯದು ಸರ್ಪ್ರೈಸ್. ಜಗಳ ಶುರುವಾಗುವ ಹೊತ್ತಿಗೆ ಎದುರಾಳಿ ಅಲ್ಲಿದ್ದಾನೆ ಅಂತ ನಿಮಗೆ ಗೊತ್ತೇ ಇರಲಿಲ್ಲ. ಎರಡನೆಯದು ಫ್ಲಾಟ್-ಫೂಟೆಡ್. ಗೊತ್ತಿರಲಿ, ಬಿಡಲಿ, ಈ ಜಗಳದಲ್ಲಿ ನಿಮ್ಮ ಮೊದಲ ಸರದಿ ಇನ್ನೂ ಬಂದಿಲ್ಲ, ಬರುವ ತನಕ ಎಸಿಗೆ ಡೆಕ್ಸ್ ಬೋನಸ್ ಸೇರುವುದಿಲ್ಲ. ಸಕಲೇಶಪುರ, ಆಲೂರು ಕಡೆ ತೋಟಕ್ಕೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆನೆ ಬಂದಿರೋ ವಿಷಯವೇ ತಿಳಿಯದೆ ಅದರ ಮುಂದೆ ಹೋಗಿ ನಿಲ್ಲೋದು ಬೇರೆ. ಆನೆ ಇದೆ ಅಂತ ಗೊತ್ತಿದ್ದೂ, ಎದುರಾದಾಗ ಕಾಲು ಕೀಳುವ ಮೊದಲು ಒಂದು ಕ್ಷಣ ನಿಂತಲ್ಲೇ ನಿಂತುಬಿಡೋದು ಬೇರೆ.

ಈಗ ನಿಮ್ಮ ಜಗಳವನ್ನೇ ತಗೊಳ್ಳಿ. ಡಕಾಯಿತರು ಅಡಗಿದ್ದರು, ನಿಮ್ಮ ಸ್ಪಾಟ್ (ಕಣ್ಣಿಡುವ) ದಾಳ ಅವರ ಹೈಡ್ (ಅಡಗುವ) ದಾಳವನ್ನು ದಾಟಲಿಲ್ಲ. ಕ್ಲೆರಿಕ್‌ನದು ದಾಟಿತು. ಸ್ಪಾಟ್, ಲಿಸನ್ (ಕಿವಿಗೊಡುವುದು) ಎರಡಕ್ಕೂ ವಿಸ್ಡಮ್ (ಅರಿವಿನ ಅಂಕ) ಸೇರುತ್ತದೆ, ಕ್ಲೆರಿಕ್‌ಗೆ ಅದು ಜಾಸ್ತಿ ಇದ್ದೇ ಇರುತ್ತದೆ. ಹಾಗಾಗಿ ಎದುರಾಳಿ ಇರುವುದು ಗೊತ್ತಿದ್ದವರಿಗಷ್ಟೇ ಸಿಗುವ ಸರ್ಪ್ರೈಸ್ ರೌಂಡ್‌ನಲ್ಲಿ ಆಡಿದ್ದು ಡಕಾಯಿತರು ಮತ್ತು ಕ್ಲೆರಿಕ್ ಮಾತ್ರ. ಸರ್ಪ್ರೈಸ್ ಇಡೀ ಗುಂಪಿಗೆ ಒಟ್ಟಿಗೆ ಅಂಟುವುದಿಲ್ಲ, ಒಬ್ಬೊಬ್ಬರಿಗೆ ಬೇರೆ ಬೇರೆ. ನನ್ನ ಮಟ್ಟಿಗೆ ಈ ನಿಯಮದಲ್ಲಿ ಅತ್ಯಂತ ಒಳ್ಳೆಯ ಅಂಶವೇ ಇದು. ಕಣ್ಣು, ಕಿವಿ ಚುರುಕಾಗಿರುವ ಪಾತ್ರಕ್ಕೆ ಅದರ ಫಲ ಸಿಗಬೇಕು.

ಆ ರೌಂಡ್ ಮುಗಿದ ಮೇಲೆ ಮಾಮೂಲಿ ಮೊದಲ ರೌಂಡ್. ಈಗ ನಿಮಗೆ ಡಕಾಯಿತರು ಕಾಣುತ್ತಿದ್ದಾರೆ, ಸರ್ಪ್ರೈಸ್ ಮುಗಿಯಿತು. ಆದರೆ ನೀವು ಇನ್ನೂ ಒಂದು ಸಲವೂ ಆಡಿಲ್ಲ. ಹಾಗಾಗಿ ಫ್ಲಾಟ್-ಫೂಟೆಡ್ ಮುಗಿದಿಲ್ಲ. ಇನಿಶಿಯೇಟಿವ್‌ನಲ್ಲಿ ನಿಮಗಿಂತ ಮೇಲೆ ಬಂದ ಡಕಾಯಿತನಿಗೆ ನೀವು ಇನ್ನೂ ಸುಲಭದ ಗುರಿ. ಎರಡನೇ ಏಟು ಬಿದ್ದಿದ್ದು ಹೀಗೆ. ನಿಮ್ಮ ಸರದಿ ಬಂದ ತಕ್ಷಣ ಅದು ಹೋಗುತ್ತದೆ, ಆ ಜಗಳದಲ್ಲಿ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ.

ನಷ್ಟ ಎಷ್ಟು ಅಂತ ಲೆಕ್ಕ ಹಾಕೋಣ. ನಿಮ್ಮ ರೋಗ್‌ಗೆ ಚೈನ್ ಶರ್ಟ್ (ಸರಪಳಿ ಅಂಗಿ) ಇದೆ, ಡೆಕ್ಸ್ ಬೋನಸ್ 3 ಅಂತ ಇಟ್ಟುಕೊಳ್ಳಿ. ಮೂಲ 10, ಚೈನ್ ಶರ್ಟ್‌ಗೆ 4, ಡೆಕ್ಸ್‌ಗೆ 3, ಒಟ್ಟು ಎಸಿ 17. ಫ್ಲಾಟ್-ಫೂಟೆಡ್ ಆದಾಗ 14. ಅಟ್ಯಾಕ್ ಬೋನಸ್ (ಹೊಡೆಯುವ ದಾಳಕ್ಕೆ ಸೇರುವ ಅಂಕ) 3 ಇರುವ ಡಕಾಯಿತನಿಗೆ 17 ಮುಟ್ಟಲು ಇಪ್ಪತ್ತು ಮುಖದ ದಾಳದಲ್ಲಿ 14 ಅಥವಾ ಮೇಲೆ ಬೀಳಬೇಕು, ಅಂದರೆ ನೂರಕ್ಕೆ 35 ಸಲ. 14 ಮುಟ್ಟಲು 11 ಸಾಕು, ನೂರಕ್ಕೆ 50 ಸಲ. ಅದೇ ಫುಲ್ ಪ್ಲೇಟ್, ದೊಡ್ಡ ಗುರಾಣಿ ಹಿಡಿದ ಫೈಟರ್‌ನ ಎಸಿ 21 ಇದ್ದದ್ದು 20 ಆಗುತ್ತದೆ ಅಷ್ಟೇ. ಆ ರಕ್ಷಾಕವಚದಲ್ಲಿ ಡೆಕ್ಸ್ ಬೋನಸ್ 1ಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುವುದಿಲ್ಲ. ಹೊಂಚು ದಾಳಿ ಚುರುಕು ಮೈಯವರನ್ನೇ ಹೆಚ್ಚು ಕಾಡುತ್ತದೆ. ನಿಮಗೆ ಆದ ಸಿಟ್ಟು ನನಗೆ ಅರ್ಥ ಆಗುತ್ತದೆ.

ಆದರೆ ಇದೇ ನಿಯಮ ನಿಮ್ಮ ಕೈಯಲ್ಲಿರುವ ದೊಡ್ಡ ಆಯುಧವೂ ಹೌದು! ಡೆಕ್ಸ್ ಬೋನಸ್ ಕಳೆದುಕೊಂಡವನ ಮೇಲೆ ರೋಗ್‌ನ ಸ್ನೀಕ್ ಅಟ್ಯಾಕ್, ಅಂದರೆ ಹೆಚ್ಚುವರಿ ಪೆಟ್ಟು, ಕೆಲಸ ಮಾಡುತ್ತದೆ. ಮೂರನೇ ಲೆವೆಲ್‌ನಲ್ಲಿ ಅದು ಆರು ಮುಖದ ಎರಡು ದಾಳ. ಹೊಂಚು ಹಾಕಲೇಬೇಕು ಅಂತಿಲ್ಲ. ಎದುರುಬದುರು ನಿಂತು ಶುರುವಾದ ಜಗಳದಲ್ಲೂ ಇನಿಶಿಯೇಟಿವ್ ಗೆದ್ದರೆ ಇನ್ನೂ ಆಡದ ಪ್ರತಿಯೊಬ್ಬ ಶತ್ರುವೂ ನಿಮಗೆ ಫ್ಲಾಟ್-ಫೂಟೆಡ್. ಬಿಲ್ಲಿನಿಂದಲೂ ಆಗುತ್ತದೆ, 30 ಅಡಿಯೊಳಗಿರಬೇಕು ಅಷ್ಟೇ. ಜೊತೆಗೆ ಫ್ಲಾಟ್-ಫೂಟೆಡ್ ಇದ್ದವನು ಅಟ್ಯಾಕ್ ಆಫ್ ಆಪರ್ಚುನಿಟಿ (ಪಕ್ಕದಲ್ಲಿ ಹಾದುಹೋಗುವವರಿಗೆ ಕೊಡುವ ಪುಕ್ಕಟೆ ಏಟು) ಹೊಡೆಯುವಂತಿಲ್ಲ. ಅವನ ಪಕ್ಕದಲ್ಲೇ ಓಡಿ ಹಿಂದಿರುವ ಮಂತ್ರವಾದಿಯನ್ನು ಹಿಡಿಯಬಹುದು. ಕಾಂಬ್ಯಾಟ್ ರಿಫ್ಲೆಕ್ಸಸ್ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಕಲೆ) ಇದ್ದವರ ಹತ್ತಿರ ಮಾತ್ರ ಈ ಆಟ ನಡೆಯದು.

ನಾನು ಇದನ್ನು ಹೊಸಬರಿಗೆ ಹೇಳಿಕೊಡುವಾಗ ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಯನ್ನೇ ನಕ್ಷೆಯಾಗಿ ಹಾಸುತ್ತೇನೆ. ಟಿಪ್ಪು ಸುಲ್ತಾನ್ ಕಾಲದ ಕೋಟೆ, ಎಂಟು ಮೂಲೆಯ ನಕ್ಷತ್ರದ ಆಕಾರ. ಚೌಕಾಕಾರದ ಕೋಣೆಯಲ್ಲಿ ಬಾಗಿಲು ತೆಗೆದರೆ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಇಲ್ಲಿ ಹಾಗಲ್ಲ. ಗೋಡೆ ಒಳಗೆ ಹೊರಗೆ ಮಡಚಿಕೊಂಡು ಹೋಗುತ್ತದೆ, ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಮೂಲೆಯವನಿಗೆ ಕಾಣುವುದಿಲ್ಲ. ಬಾಗಿಲಲ್ಲಿ ಬಂದ ಗುಂಪಿನಲ್ಲಿ ಮುಂದಿದ್ದವಳಿಗೆ ಬಿಲ್ಲುಗಾರ ಕಂಡ, ಹಿಂದಿದ್ದವನಿಗೆ ಕಾಣಲಿಲ್ಲ. ಯಾರು ಸರ್ಪ್ರೈಸ್ ಆದರು, ಯಾರು ಆಗಲಿಲ್ಲ ಅನ್ನೋದು ನಕ್ಷೆ ನೋಡುತ್ತಿದ್ದ ಹಾಗೇ ಎಲ್ಲರಿಗೂ ಹೊಳೆಯುತ್ತದೆ.

ಇನ್ನೊಂದು ಜಗಳ ಪ್ರತಿ ಟೇಬಲ್‌ನಲ್ಲೂ ಬರುತ್ತದೆ. ಎರಡು ಗುಂಪು ಮಾತಾಡುತ್ತಾ ನಿಂತಿವೆ, ಒಬ್ಬ ಆಟಗಾರ ‘ನಾನು ಈಗಲೇ ಕತ್ತಿ ಬೀಸ್ತೀನಿ’ ಅನ್ನುತ್ತಾನೆ. ಅವನಿಗೆ ಸರ್ಪ್ರೈಸ್ ರೌಂಡ್ ಕೊಡಬೇಕಾ? ಬೇಡ. ಎದುರಿಗೆ ನಿಂತವರು ಅವನನ್ನು ನೋಡುತ್ತಲೇ ಇದ್ದಾರೆ. ನೇರವಾಗಿ ಇನಿಶಿಯೇಟಿವ್ ಹಾಕಿಸಿ. ಅವನು ಗೆದ್ದರೆ ಎದುರಿನವರು ಫ್ಲಾಟ್-ಫೂಟೆಡ್, ಅವನ ಆತುರಕ್ಕೆ ಅಷ್ಟು ಲಾಭ ಸಾಕು. ಮೊದಲು ಬಾಯಿಬಿಟ್ಟವರಿಗೆಲ್ಲ ಒಂದೊಂದು ಪುಕ್ಕಟೆ ಏಟು ಕೊಡುತ್ತಾ ಹೋದರೆ ಮಾತುಕತೆಯ ದೃಶ್ಯಗಳೇ ಸತ್ತುಹೋಗುತ್ತವೆ.

ನಿಮ್ಮ ಗೆಳೆಯರಲ್ಲಿ ಯಾರಾದರೂ ‘ಸರ್ಪ್ರೈಸ್ ರೌಂಡ್ ಅನ್ನೋದೇ ಇಲ್ಲ’ ಅಂದಿದ್ದರೆ ಅವರು ಬೇರೆ ಆವೃತ್ತಿ ಓದಿರುತ್ತಾರೆ. 2014ರ ಐದನೇ ಆವೃತ್ತಿಯಲ್ಲಿ ನಿಜವಾಗಿಯೂ ಇಲ್ಲ. ಅಲ್ಲಿ ಎಲ್ಲರೂ ಇನಿಶಿಯೇಟಿವ್ ಹಾಕುತ್ತಾರೆ, ಸರ್ಪ್ರೈಸ್ ಆದವರ ಮೊದಲ ಸರದಿ ಸುಮ್ನೆ ಖಾಲಿ ಹೋಗುತ್ತದೆ. ಎಸಿ ಮಾತ್ರ ಕಡಿಮೆ ಆಗುವುದಿಲ್ಲ. 2024ರ ಪುಸ್ತಕದಲ್ಲಿ ಇನ್ನೂ ಮೆದು ಮಾಡಿದ್ದಾರೆ, ಇನಿಶಿಯೇಟಿವ್ ದಾಳಕ್ಕೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಹಾಕಿ ಕಡಿಮೆ ಬಿದ್ದದ್ದನ್ನು ಹಿಡಿಯುವುದು) ಬಿಟ್ಟರೆ ಬೇರೆ ಶಿಕ್ಷೆ ಇಲ್ಲ. ಇದೇ ಬಗೆಯ ಇನ್ನೊಂದು ಆಟ ಪಾಥ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲಿ ಫ್ಲಾಟ್-ಫೂಟೆಡ್ ಆದರೆ ಎಸಿಯಲ್ಲಿ 2 ಕಡಿಮೆ, 2023ರಿಂದ ಅದನ್ನೇ ಆಫ್-ಗಾರ್ಡ್ ಅನ್ನುತ್ತಾರೆ. ಶಾಲೆ ಮಕ್ಕಳ ಜೊತೆ ಆಡುವುದಾದರೆ ನಾನು 2024ರದ್ದನ್ನೇ ಆರಿಸುತ್ತೇನೆ, ಸರದಿ ಕಳೆದುಕೊಂಡು ಕೂರುವುದು ಅವರಿಗೆ ಕಷ್ಟ. ನಮ್ಮ ಗುಂಪಿಗೆ 3.5 ಇಷ್ಟ. ಅದರಲ್ಲಿ ಹೊಂಚಿಗೆ ನಿಜವಾದ ಬೆಲೆ ಇದೆ.

ನಿಮ್ಮ ರೋಗ್‌ಗೆ ಮುಂದಿನ ಲೆವೆಲ್‌ನಲ್ಲೇ ಅನ್‌ಕ್ಯಾನಿ ಡಾಡ್ಜ್ ಸಿಗುತ್ತದೆ. ಆಮೇಲೆ ಫ್ಲಾಟ್-ಫೂಟೆಡ್ ಇದ್ದರೂ ಡೆಕ್ಸ್ ಬೋನಸ್ ಉಳಿಯುತ್ತದೆ, ಎಸಿ 17 ಹಾಗೇ ಇರುತ್ತದೆ. ಸರ್ಪ್ರೈಸ್ ರೌಂಡ್‌ನಲ್ಲಿ ಆಡಲು ಮಾತ್ರ ಅದರಿಂದ ಆಗದು, ಅದಕ್ಕೆ ಸ್ಪಾಟ್ ಮತ್ತು ಲಿಸನ್‌ಗೆ ರ‍್ಯಾಂಕ್ ಹಾಕಿ. ಎರಡೂ ನಿಮ್ಮ ಕ್ಲಾಸ್ ಸ್ಕಿಲ್, ಅಂದರೆ ರೋಗ್ ಪಾತ್ರಕ್ಕೆ ಸಹಜವಾದ ಕೌಶಲ. ಫೀಟ್ ಜಾಗ ಖಾಲಿ ಇದ್ದರೆ ಇಂಪ್ರೂವ್ಡ್ ಇನಿಶಿಯೇಟಿವ್ ತಗೊಳ್ಳಿ, ದಾಳಕ್ಕೆ 4 ಸೇರುತ್ತದೆ.

ಡಿಎಂ ಹತ್ತಿರ ಒಂದು ವಿಷಯ ಮಾತ್ರ ಕೇಳಿ ನೋಡಿ. ಸರ್ಪ್ರೈಸ್ ರೌಂಡ್‌ನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಒಂದು ಸ್ಟ್ಯಾಂಡರ್ಡ್ ಆಕ್ಷನ್ (ಬಾಣ ಬಿಡುವಂಥದ್ದು) ಅಥವಾ ಒಂದು ಮೂವ್ ಆಕ್ಷನ್ (ಜಾಗ ಬದಲಿಸುವಂಥದ್ದು), ಎರಡೂ ಅಲ್ಲ. ಆ ಡಕಾಯಿತರಲ್ಲಿ ಯಾರಾದರೂ ಮರೆಯಿಂದ ಓಡಿ ಬಂದು, ನಿಂತು, ಆಮೇಲೆ ಬಾಣ ಬಿಟ್ಟಿದ್ದರೆ ಆ ಬಾಣ ಲೆಕ್ಕಕ್ಕಿಲ್ಲ. ಅದರಿಂದ ಕಳೆದ ಹಿಟ್ ಪಾಯಿಂಟ್ (ಜೀವದ ಅಂಕ) ವಾಪಸ್ ಕೇಳಿ.