ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್‌ನಲ್ಲಿ ಇನ್ನೊಂದು ಔಷಧ ಯಾಕೆ ಬೆರೆಸುತ್ತಾರೆ?

ನೋವು ಜಾಸ್ತಿ ಹೊತ್ತು ದೂರ ಇರಲಿ ಅಂತ. ಸೊಂಟದಿಂದ ಕೆಳಗೆ ಮರಗಟ್ಟಿಸುವುದು ಬುಪಿವಕೇನ್. ಅದರ ಪ್ರಭಾವ ಸುಮಾರು ಎರಡು-ಮೂರು ಗಂಟೆ. ಆಪರೇಷನ್ನಿಗೆ ಅಷ್ಟು ಸಾಕು, ಆದರೆ ಹೊಲಿಗೆಯ ನೋವು ಶುರುವಾಗುವುದೇ ಆಮೇಲೆ ಅಲ್ವಾ?

ಅದಕ್ಕೇ ಅದೇ ಸಿರಿಂಜಿಗೆ ಚೂರು ಫೆಂಟನಿಲ್ ಅಥವಾ ಮಾರ್ಫಿನ್ ಸೇರಿಸುತ್ತಾರೆ. ಇವು ಬೆನ್ನುಹುರಿಯಲ್ಲೇ ನೋವಿನ ಸಂದೇಶವನ್ನು ತಡೆಯುತ್ತವೆ. ಕಾಲಿನ ಶಕ್ತಿಗೆ ತೊಂದರೆ ಇಲ್ಲ. ಫೆಂಟನಿಲ್ ಕೊಬ್ಬಿನಲ್ಲಿ ಬೇಗ ಕರಗುವಂಥದ್ದು. ಕೂಡಲೇ ಕೆಲಸ ಮಾಡಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಮಾರ್ಫಿನ್ ನೀರಿನ ಸ್ವಭಾವದ್ದು. ಬೆನ್ನುಹುರಿಯ ಸುತ್ತಲಿನ ದ್ರವದಲ್ಲೇ ಉಳಿದು, ಬರೀ 100ರಿಂದ 150 ಮೈಕ್ರೋಗ್ರಾಂ ಹಾಕಿದರೂ ಹೆಚ್ಚುಕಡಿಮೆ ಒಂದು ದಿನ ನೋವು ತಡೆಯುತ್ತದೆ. ಒಂದು ಮಿಲಿಗ್ರಾಂನ ಆರನೇ ಒಂದು ಪಾಲೂ ಅಲ್ಲ ನೋಡಿ!

ಇದಕ್ಕೆ ಬೆಲೆಯೂ ಇದೆ. ಮೂಗು, ಮುಖ ತುರಿಸುವುದು ತುಂಬಾ ಸಾಮಾನ್ಯ, ವಾಕರಿಕೆಯೂ ಬರಬಹುದು. ಅಪರೂಪಕ್ಕೆ, ಗಂಟೆಗಳ ನಂತರ, ಉಸಿರಾಟ ನಿಧಾನವಾಗುತ್ತದೆ. ರಾತ್ರಿ ನರ್ಸ್ ಪದೇ ಪದೇ ಬಂದು ಉಸಿರು ಎಣಿಸುವುದು ಸುಮ್ನೆ ಅಲ್ಲ.

ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್ ಕೂಡ ಕೆಲವು ಆಪರೇಷನ್‌ಗಳಲ್ಲಿ ಬಳಕೆಯಲ್ಲಿವೆ. ತುರಿಕೆ ಕಮ್ಮಿ, ಆದರೆ ಬಿಪಿ ಮತ್ತು ನಾಡಿಬಡಿತ ಇಳಿಯಬಹುದು. ಹಿಂದೆ ಈ ಔಷಧಗಳಿಂದ ನಿಮಗೆ ತೊಂದರೆ ಆಗಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ.