ಏಳು ಜಾಗ ಬೇಡ, ಒಂದು ಹುಣಸೆಮರ ಸಾಕು

ಕೆಂಗೇರಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು. ಮನೆಯಲ್ಲಿ ಐದು ಜನ: ಮಂಡಿನೋವಿನ ಅಮ್ಮ, ಒಂಬತ್ತನೇ ಕ್ಲಾಸಿನ ಮಗ, ಯಾವಾಗಲೂ ಚಿತ್ರ ಬಿಡಿಸುತ್ತಾ ಕೂರುವ ಎರಡನೇ ಕ್ಲಾಸಿನ ಮಗಳು, ಗಂಡ ಹೆಂಡತಿ. ಭಾನುವಾರ ಬಂದರೆ ಮಾಲ್, ಇಲ್ಲದಿದ್ದರೆ ಆಳಿಗೊಂದು ಮೊಬೈಲ್. ಒಂದು ಸಲ ಮೈಸೂರು ಕಡೆ ಒಂದೇ ದಿನದಲ್ಲಿ ಏಳು ಜಾಗ ನೋಡುತ್ತೇವೆ ಅಂತ ಹೊರಟು, ಮೂರಕ್ಕೇ ಸುಸ್ತಾಗಿ, ಕಾರಿನಲ್ಲೇ ಜಗಳ ಆಡಿಕೊಂಡು ವಾಪಸ್ ಬಂದರಂತೆ. ‘ಒಂದು ದಿನದಲ್ಲಿ ಹೋಗಿ ಬರುವಂಥ, ಎಲ್ಲರಿಗೂ ಹಿಡಿಸುವ ಜಾಗಗಳ ಪಟ್ಟಿ ಕೊಡಿ. ಊಟ ಕಟ್ಟಿಕೊಂಡು ಹೋಗೋಣ ಅಂದರೆ ಮನೆಯಾಕೆ ಮುಖ ಊದಿಸುತ್ತಾಳೆ, ಹೋಟೆಲ್ ಎಲ್ಲಿ ನೋಡಬೇಕು? ಭಾವನ ಮನೆಯವರೂ ಬರುತ್ತೇವೆ ಅನ್ನುತ್ತಾರೆ, ಕರೆದುಕೊಂಡು ಹೋಗುವುದಾ?’ ಅಂತ ಕೇಳಿದ್ದಾರೆ.

ನಮಸ್ಕಾರ ಸಾರ್. ಪಟ್ಟಿ ಕೊಡುವುದಿಲ್ಲ. ಪಟ್ಟಿಯಿಂದಲೇ ಅಲ್ವಾ ನಿಮ್ಮ ಆ ಭಾನುವಾರ ಹಾಳಾಗಿದ್ದು? ಎಲ್ಲರಿಗೂ ಹಿಡಿಸುವ ಜಾಗ ಅಂತ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಅದೇ ಮಾಲ್. ಅಲ್ಲಿ ಯಾರಿಗೂ ತೀರಾ ಬೇಜಾರಾಗುವುದಿಲ್ಲ, ಯಾರಿಗೂ ಅಂಥ ಖುಷಿಯೂ ಆಗುವುದಿಲ್ಲ. ಜಾಗದ ವಿಚಾರ ಆಮೇಲೆ, ಮೊದಲು ಆಳನ್ನು ಆರಿಸಿ. ಈ ಭಾನುವಾರ ಯಾರದ್ದು? ಮಗಳದ್ದಾ, ಅಮ್ಮನದ್ದಾ? ಅವರಿಗೆ ಯಾವುದರ ಹುಚ್ಚಿದೆಯೋ ಅದಕ್ಕೆ ತಕ್ಕ ಒಂದೇ ಒಂದು ಊರಿಗೆ ಹೋಗಿ. ಉಳಿದ ನಾಲ್ಕು ಜನ ಅವತ್ತಿನ ಮಟ್ಟಿಗೆ ಬರೀ ಜೊತೆಗಾರರು. ಮುಂದಿನ ಸಲ ಇನ್ನೊಬ್ಬರ ಸರದಿ.

ನಿಮ್ಮ ಪತ್ರದಲ್ಲಿ ಒಂದು ದೂರು ಇದೆ. ಮಗ ಬಾಲ್ಕನಿಗೆ ಬರುವ ಹಕ್ಕಿಗಳ ಫೋಟೊ ತೆಗೆದು ತೆಗೆದು ಮೊಬೈಲ್ ತುಂಬಿಸಿಟ್ಟಿದ್ದಾನೆ, ಓದಿನ ಕಡೆ ಗಮನವೇ ಇಲ್ಲ ಅಂತ. ಓದಿನ ಮಾತು ಇನ್ನೊಂದು ಸಲ ಆಡೋಣ. ನಿಮ್ಮ ಮೊದಲ ಭಾನುವಾರ ಆ ದೂರಿನಲ್ಲೇ ಇದೆ. ಅವನನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿ.

ಮದ್ದೂರು ತಾಲ್ಲೂಕಿನ ಹಳ್ಳಿ ಅದು. ಚನ್ನಪಟ್ಟಣ ದಾಟಿ, ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಸಿಗುತ್ತದೆ. ದೋಣಿ ಹತ್ತಿ ದೂರದಿಂದ ನೋಡುವ ಪಕ್ಷಿಧಾಮದ ಹಾಗಲ್ಲ ಇದು, ಜನ ಬದುಕುವ ಊರು. ಹಿತ್ತಲಿನ ಹುಣಸೆಮರದಲ್ಲಿ, ಬೀದಿಯ ಅರಳಿಮರದಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಗೂಡು ಕಟ್ಟುತ್ತವೆ. ಕೆಳಗೆ ಹಸು ಮೆಲುಕು ಹಾಕುತ್ತಾ ನಿಂತಿರುತ್ತದೆ, ಯಾರೋ ಪಾತ್ರೆ ಬೆಳಗುತ್ತಿರುತ್ತಾರೆ, ಮೇಲೆ ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತಲೆ ಕತ್ತು ಎಲ್ಲ ತೂರಿಸಿ ಮೀನು ತಿನ್ನುತ್ತಿರುತ್ತದೆ. ಮೊದಲ ಸಲ ನೋಡಿದವರಿಗೆ ಮರಿಯನ್ನೇ ನುಂಗಿಬಿಟ್ಟಿತಾ ಅಂತ ಗಾಬರಿಯಾಗಬೇಕು, ಹಾಗಿರುತ್ತದೆ. ಹಕ್ಕಿಗಳ ಹಿಕ್ಕೆಯನ್ನು ಊರಿನವರು ಗೊಬ್ಬರ ಮಾಡಿಕೊಳ್ಳುತ್ತಾರೆ. ಗೂಡಿರುವ ಮರದ ಹುಣಸೆಹಣ್ಣಿನ ಆಸೆಯನ್ನು ಎಷ್ಟೋ ಮನೆಯವರು ಬಿಟ್ಟೇಬಿಟ್ಟಿದ್ದಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಇವು, ಓಡಿಸುವುದು ಹೇಗೆ ಅನ್ನುವುದು ಅವರ ಮಾತು. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು, ಅಂದರೆ ಊರಿನವರೂ ಸೇರಿ ಹಕ್ಕಿ ಕಾಯುವ ಜಾಗ ಅಂತ ಸರ್ಕಾರ ಘೋಷಿಸಿತು. ಆದರೆ ಊರಿನವರ ಕಾವಲು ಅದಕ್ಕಿಂತ ಎಷ್ಟೋ ಹಳೆಯದು.

ಹೋಗುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಮಳೆಗಾಲದಲ್ಲಿ ಹೋದರೆ ಖಾಲಿ ಮರ ನೋಡಿಕೊಂಡು ಬರಬೇಕಾಗುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ ತಲುಪಿ. ಒಂದು ಛತ್ರಿ ಇಟ್ಟುಕೊಳ್ಳಿ. ಬಿಸಿಲಿಗಲ್ಲ, ಮರದ ಕೆಳಗೆ ನಿಂತ ಮೇಲೆ ಯಾತಕ್ಕೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ಅಮ್ಮ ಹೆಚ್ಚು ನಡೆಯಬೇಕಾಗಿಲ್ಲ, ಊರೊಳಗೇ ಮರಗಳಿವೆ. ಯಾರದಾದರೂ ಮನೆ ಜಗಲಿಯಲ್ಲಿ ಕೂರಬಹುದಾ ಅಂತ ಒಂದು ಮಾತು ಕೇಳಿ ಕೂರಿಸಿ. ಅಲ್ಲಿನ ಅಜ್ಜಿಯರ ಹತ್ತಿರ ಮಾತಿಗೆ ಕೂತರೆ ಆಮೇಲೆ ಎಬ್ಬಿಸುವುದೇ ಕಷ್ಟ ಆಗಬಹುದು. ಮಗನ ಕೈಯಿಂದ ಮೊಬೈಲ್ ಮಾತ್ರ ಕಿತ್ತುಕೊಳ್ಳಬೇಡಿ, ಅವತ್ತು ಅದು ಅವನ ಕೆಲಸದ ಸಾಮಾನು. ಯಾವ ಹಕ್ಕಿ, ಎಷ್ಟು, ಎಲ್ಲಿ ಕಂಡಿತು ಅಂತ ಬರೆದಿಡುವ ಇ-ಬರ್ಡ್ ಅನ್ನುವ ಆ್ಯಪ್ ಇದೆ, ದುಡ್ಡಿಲ್ಲ. ಅದರಲ್ಲಿ ಲೆಕ್ಕ ಇಡುವುದನ್ನು ಕಲಿತನೆಂದರೆ ಸೋಮವಾರದಿಂದ ನಿಮ್ಮ ಬಾಲ್ಕನಿ, ಕೆಂಗೇರಿ ಕೆರೆ ಎಲ್ಲವೂ ಅವನಿಗೆ ಹೊಸದಾಗುತ್ತವೆ. ಹವ್ಯಾಸ ಅಂದರೆ ವಾರದ ಉಳಿದ ದಿನಗಳಲ್ಲೂ ಇರಬೇಕಲ್ಲ, ಬರೀ ಟ್ರಿಪ್ಪಿಗೆ ಅಲ್ಲ.

ಈಗ ಊಟ. ನಿಮ್ಮ ಮನೆಯವರು ಮುಖ ಊದಿಸಿದ್ದರಲ್ಲಿ ತಪ್ಪೇನಿದೆ ಹೇಳಿ? ನಿಮಗೆಲ್ಲ ರಜಾ, ಅವರು ಮಾತ್ರ ನಾಲ್ಕು ಗಂಟೆಗೆ ಎದ್ದು ಚಿತ್ರಾನ್ನ, ಮೊಸರನ್ನ ಮಾಡಿ, ಡಬ್ಬಿ ತುಂಬಿ, ಸಂಜೆ ಬಂದು ಅದೇ ಡಬ್ಬಿ ತೊಳೆಯಬೇಕು. ಅದು ಅಡುಗೆಮನೆಯನ್ನೇ ಕಾರಿನಲ್ಲಿ ಹಾಕಿಕೊಂಡು ಹೋದಂತೆ ಆಯಿತು. ಕುಡಿಯುವ ನೀರು, ಅಮ್ಮನ ಮಾತ್ರೆ, ನಾಲ್ಕು ಬಾಳೆಹಣ್ಣು ಇಟ್ಟುಕೊಳ್ಳಿ, ಸಾಕು.

ಆದರೆ ಒಂದು ಷರತ್ತು. ದಶಪಥ ಹತ್ತಬೇಡಿ. 2023ರಲ್ಲಿ ಆ ಎಕ್ಸ್‌ಪ್ರೆಸ್‌ವೇ ಶುರುವಾದಾಗಿನಿಂದ ಬೆಂಗಳೂರಿನಿಂದ ಮೈಸೂರಿಗೆ ಬೇಗ ಹೋಗಬಹುದು ನಿಜ, ಆದರೆ ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವನ್ನೂ ಪಕ್ಕದಿಂದಲೋ ಮೇಲಿಂದಲೋ ದಾಟಿಸಿಬಿಡುತ್ತದೆ. ಊರು ಕಾಣುವುದಿಲ್ಲ, ಊರಿನ ಹೋಟೆಲ್ ಅಂತೂ ಇಲ್ಲವೇ ಇಲ್ಲ. ದಾರಿಹೋಕರನ್ನೇ ನಂಬಿಕೊಂಡಿದ್ದ ಎಷ್ಟೋ ಹೋಟೆಲಿನವರ ವ್ಯಾಪಾರ ಕಡಿಮೆಯಾಯಿತು. ನಿಮಗೇನು ಅವಸರ? ಹಳೇ ರಸ್ತೆಯಲ್ಲೇ ಹೋಗಿ, ಟೋಲೂ ಉಳಿಯುತ್ತದೆ.

ಬಿಡದಿಯಲ್ಲಿ ತಟ್ಟೆ ಇಡ್ಲಿ. ಅಂಗೈಗಿಂತ ಅಗಲ, ಮೇಲೆ ಬೆಣ್ಣೆ ಕರಗುತ್ತಿರುತ್ತದೆ, ಪಕ್ಕದಲ್ಲಿ ಚಟ್ನಿ. ಒಂದು ತಿಂದರೆ ಮಕ್ಕಳ ಹೊಟ್ಟೆ ತುಂಬುತ್ತದೆ, ದೊಡ್ಡವರು ಎರಡು ತಿಂದು ಆಮೇಲೆ ಏದುಸಿರು ಬಿಡುತ್ತಾರೆ. ಮದ್ದೂರು ವಡೆಯನ್ನು ಮದ್ದೂರಿನಲ್ಲೇ ತಿನ್ನಿ. ರೈಲು ನೀರು ತುಂಬಿಸಿಕೊಳ್ಳಲು ಇಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ, ತಿಂಡಿಗೆ ಹೊತ್ತಾಯಿತು ಅಂತ ರವೆ, ಹಿಟ್ಟು, ಈರುಳ್ಳಿ ಎಲ್ಲ ಕಲಸಿ ತಟ್ಟಿ ಎಣ್ಣೆಗೆ ಬಿಟ್ಟಿದ್ದೇ ಈ ವಡೆ ಅಂತ ಕಥೆ ಹೇಳುತ್ತಾರೆ. ಕಥೆ ಏನೇ ಇರಲಿ, ಬಿಸಿ ವಡೆ ಮುರಿದಾಗ ಚಟ್ ಅನ್ನಬೇಕು, ಒಳಗಿನ ಈರುಳ್ಳಿ ಕಂದು ಬಣ್ಣಕ್ಕೆ ತಿರುಗಿ ಸಿಹಿಯಾಗಿರಬೇಕು. ಬಗ್ಗಿದರೆ ಅದು ನಿನ್ನೆಯದು, ಮುಲಾಜಿಲ್ಲದೆ ವಾಪಸ್ ಕೊಡಿ.

ಮಧ್ಯಾಹ್ನದ ಊಟಕ್ಕೆ ಹೆಸರು ಹೇಳಿ ಒಂದು ಹೋಟೆಲಿಗೆ ಕಳಿಸುವುದಿಲ್ಲ. ಇವತ್ತು ಚೆನ್ನಾಗಿದ್ದದ್ದು ಅಡುಗೆಭಟ್ಟರು ಬಿಟ್ಟುಹೋದರೆ ನಾಳೆ ಇರುವುದಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಆಟೋದವರನ್ನು ಕೇಳಿ, ‘ಚೆನ್ನಾಗಿರೋ ಹೋಟ್ಲು ಯಾವ್ದು’ ಅಂತಲ್ಲ, ‘ನೀವು ಎಲ್ಲಿ ಉಣ್ಣುತ್ತೀರಿ’ ಅಂತ. ಮಂಡ್ಯ ಸೀಮೆಯಲ್ಲಿ ಮುದ್ದೆ, ಉಪ್ಸಾರು, ಬಸ್ಸಾರು ಸಿಗುವ ಕಡೆ ಗೋಬಿ ಮಂಚೂರಿ ಕೇಳಬೇಡಿ. ಅವರೆಕಾಯಿ ಕಾಲವಾದರೆ ನಿಮ್ಮ ಪುಣ್ಯ. ಮಾಂಸ ತಿನ್ನುವವರಾದರೆ ಮಿಲಿಟರಿ ಹೋಟೆಲಿಗೆ ಹನ್ನೆರಡೂವರೆಗೇ ಹೋಗಿ, ಎರಡು ಗಂಟೆ ಹೊತ್ತಿಗೆ ಒಳ್ಳೆಯ ಪೀಸ್ ಉಳಿದಿರುವುದಿಲ್ಲ.

ವಾಪಸ್ ಬರುವಾಗ ದಾರಿಯಲ್ಲಿ ಹೊಗೆಯಾಡುವ ಆಲೆಮನೆ ಕಂಡರೆ ಗಾಡಿ ನಿಲ್ಲಿಸಿ. ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಒಲೆಗೆ ಅದೇ ಕಬ್ಬಿನ ಒಣಗಿದ ಸಿಪ್ಪೆ. ಮಕ್ಕಳ ಕೈ ಹಿಡಿದುಕೊಂಡೇ ಇರಿ, ಕುದಿಯುವ ಪಾಕ ಅದು.

ಮಗಳ ಸರದಿಗೆ ಸೋಮನಾಥಪುರ. ಮಳವಳ್ಳಿ ಮೇಲೆ ಹೋಗಬೇಕು, ಸ್ವಲ್ಪ ದೂರ ಜಾಸ್ತಿ. ಹೊಯ್ಸಳರ 13ನೇ ಶತಮಾನದ ಕೇಶವ ದೇವಸ್ಥಾನ, 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಆದರೆ ಇತಿಹಾಸದ ಪಾಠ ಮಾಡಲು ಹೋಗಬೇಡಿ. ಒಂದು ಡ್ರಾಯಿಂಗ್ ಪುಸ್ತಕ, ಪೆನ್ಸಿಲ್ ಕೊಟ್ಟು ಹೊರಗೋಡೆಯ ಕೆಳಸಾಲಿನ ಮುಂದೆ ಕೂರಿಸಿ. ಆನೆಗಳು ಅವಳ ಕಣ್ಣಿನ ಎತ್ತರಕ್ಕೇ ಇವೆ. ಒಂದರ ಹಾಗೆ ಇನ್ನೊಂದಿಲ್ಲ, ಸೊಂಡಿಲು ನೋಡಿದರೆ ಗೊತ್ತಾಗುತ್ತದೆ. ದೊಡ್ಡವರು ಒಳಗೆ ಹೋಗಿ ಛಾವಣಿ ನೋಡಿ. ಅಲ್ಲಿನ ಕೆತ್ತನೆಗೆ ಭುವನೇಶ್ವರಿ ಅಂತಾರೆ, ಒಂದೊಂದೂ ಬೇರೆ ಬೇರೆ, ಒಂದರ ನಡುವೆ ಬಾಳೆಹೂವು ಇಳಿಬಿದ್ದಿದೆ. ಕೆಲವು ಮೂರ್ತಿಗಳ ಕೆಳಗೆ ಮಲ್ಲಿತಮ್ಮ ಅಂತ ಶಿಲ್ಪಿ ಕೆತ್ತಿದ ಹೆಸರೂ ಇದೆ. ತನ್ನ ಚಿತ್ರದ ಕೆಳಗೆ ತಾನೂ ಹೆಸರು ಬರೆಯಲಿ. ಅರ್ಧ ಆನೆ ಬಿಡಿಸಿ ಸಾಕು ಅಂದರೆ ಸಾಕು, ಪೂರ್ತಿ ಮಾಡು ಅಂತ ಹಿಂದೆ ಬೀಳಬೇಡಿ.

ಅಮ್ಮನ ಸರದಿಗೆ ಮೇಲುಕೋಟೆ. ಬೆಟ್ಟದ ಮೆಟ್ಟಿಲು ಬೇಡ, ಊರೊಳಗಿನ ಚೆಲುವನಾರಾಯಣನ ದರ್ಶನ ಮಾಡಿಸಿ, ಕಲ್ಯಾಣಿಯ ಹತ್ತಿರ ಕೂರಿಸಿ, ಪುಳಿಯೋಗರೆ ತಂದುಕೊಡಿ. ತಿಂದು ‘ನಮ್ಮನೇದರಷ್ಟು ಹದ ಇಲ್ಲ’ ಅನ್ನುತ್ತಾರೆ. ಅನ್ನಲಿ.

ನಿಮ್ಮ ಮನೆಯವರಿಗೆ ಏನಿಷ್ಟ ಅಂತ ಪತ್ರದಲ್ಲಿ ಎಲ್ಲೂ ಬರೆದಿಲ್ಲ ನೋಡಿ. ಅಮ್ಮನ ಮಂಡಿ, ಮಗನ ಹಕ್ಕಿ, ಮಗಳ ಚಿತ್ರ ಎಲ್ಲ ಇದೆ, ಅವರ ವಿಷಯಕ್ಕೆ ಬಂದರೆ ಊದಿದ ಮುಖ ಒಂದೇ. ಕೇಳಿ ನೋಡಿ. ಅವರ ಸರದಿ ಬಂದಾಗ ಮನೆಯಲ್ಲಿ ಸುಮ್ನೆ ಮಲಗಿರುತ್ತೇನೆ, ನೀವೆಲ್ಲ ಎಲ್ಲಾದರೂ ಹೋಗಿ ಬನ್ನಿ ಅಂದರೂ ಒಪ್ಪಿಕೊಳ್ಳಬೇಕು.

ಇನ್ನು ಭಾವನವರು. ಬೆಳ್ಳೂರಿಗೆ ಬೇಡ. ಎರಡು ಕಾರು, ಹತ್ತು ಜನ ಗೂಡಿನ ಕೆಳಗೆ ಗಲಾಟೆ ಮಾಡಿದರೆ ಹಕ್ಕಿಗೂ ಕಷ್ಟ, ಊರಿನವರಿಗೂ ಕಷ್ಟ, ನಿಮ್ಮ ಮಗನಿಗಂತೂ ಒಂದು ಫೋಟೊ ಸಿಗುವುದಿಲ್ಲ. ಮೇಲುಕೋಟೆಗೆ ಧಾರಾಳವಾಗಿ ಕರೆದುಕೊಂಡು ಹೋಗಿ. ಪುಳಿಯೋಗರೆ ಖರ್ಚು ಅವರೇ ಕೊಡುತ್ತೇವೆ ಅಂದರೆ ಇನ್ನೂ ಒಳ್ಳೆಯದು.